ಬ್ರಾಂಕ್ಸ್ ಹೊಳೆಯ ಹಸುರುದಾರಿ

ನ್ಯೂಯಾರ್ಕಿಗೆ ಹೋದವರು ಏನನ್ನು ನೋಡಬೇಕೆಂಬುದು ಈಗ ಶಾಸ್ತ್ರದಷ್ಟು ಖಚಿತವಾಗಿಹೋಗಿದೆ. ಸ್ವಾತಂತ್ರ್ಯದೇವಿಯ ವಿಗ್ರಹ, ಎಂಪೈರ್ ಸ್ಟೇಟ್ ಕಟ್ಟಡ, ಟೈಮ್ಸ್ ಚೌಕದ ದೀಪಗಳ ಜಾತ್ರೆ, ವಿಶ್ವಸಂಸ್ಥೆಯ ಭವನ: ಇವಿಷ್ಟನ್ನು ಕಂಡು ಬಂದರೆ ಯಾತ್ರೆ ಪೂರ್ಣವಾಯಿತೆಂದೇ ಲೆಕ್ಕ. ಇವುಗಳ ವಿಷಯವಾಗಿ ನಮ್ಮವರು ಬಹಳ ಮಂದಿ ಬರೆದಿದ್ದಾರೆ. ಹೇಳಿದುದನ್ನೇ ಹೇಳಿ ಓದುಗರ ತಾಳ್ಮೆಯನ್ನು ಪರೀಕ್ಷಿಸುವ ಇಚ್ಛೆ ನನಗಿಲ್ಲ. ನಾನು ಹೇಳಹೊರಟಿರುವುದು ಆ ಮಹಾನಗರದ ಒಂದು ಪಕ್ಕದಲ್ಲಿ ಹರಿಯುವ ಸಣ್ಣ ಹೊಳೆಯೊಂದರ ಸಮಾಚಾರ. ಅದನ್ನು ನೋಡಲೆಂದೇ ದೂರದೇಶದಿಂದ ಬರುವವರನ್ನು ನಾನು ಕಾಣೆ. ಅದೇ ಊರಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವರೂ ಎಷ್ಟೋ ಮಂದಿ ಅದನ್ನು ಕಂಡಿಲ್ಲ.

ನನ್ನ ದೊಡ್ಡಮ್ಮನ ಮಗಳು, ನನಗೆ ಅಕ್ಕನಾಗಬೇಕು, ಆ ನಗರದ ಕ್ವೀನ್ಸ್ ಭಾಗದಲ್ಲಿ ನೆಲೆಸಿದ್ದಾಳೆ. ಬೇಸಗೆಯ ರಜದಲ್ಲಿ ಮೂರು ವಾರ ಅವಳ ಮನೆಯಲ್ಲಿದ್ದೆ. ಬ್ರಾಂಕ್ಸಿಗೆ ಹೋಗುತ್ತೇವೆಂದು ಕೇಳಿದೊಡನೆಯೇ ಅಡಿಗೆಮನೆಯಿಂದ ಆಜ್ಞೆ ಬಂದಿತು: "ಮೃಗಾಲಯ ನೋಡಿಕೊಂಡು ಹಾಗೇ ವಾಪಸು ಬಂದುಬಿಡಬೇಕು ಕಣೋ. ಅದರಿಂದ ಕೆಳಕ್ಕೆ ಇಳಿಯಬೇಡಿ. ಆ ಕಡೆ ನಮ್ಮವರು ಯಾರೂ ಹೋಗುವುದಿಲ್ಲ." ಅವಳ ಮಗಳು ಬ್ರಾಂಕ್ಸಿನ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ, ಆಗಾಗ ಶನಿವಾರಗಳಲ್ಲಿ ಆ ಹೊಳೆಯ ದಂಡೆಯಲ್ಲಿ ಕಳೆ ಕೀಳುವ, ಕಸ ಹೆಕ್ಕುವ ತಂಡದೊಡನೆ ದುಡಿಯುವ ಅಭ್ಯಾಸ ಅವಳದು. "ಅಮ್ಮನಿಗೆ ಗೊತ್ತಿರುವುದು ಹಳೇ ಸಿನಿಮಾದ ಬ್ರಾಂಕ್ಸ್, ಮಾವ. ಕೆಳಗೆ ಇಳಿಯದಿದ್ದರೆ ನಾವು ಹೋಗುವುದೇ ದಂಡ" ಎಂದು ಅವಳು ಮೆಲ್ಲಗೆ ಹೇಳಿದಳು. ಮೃಗಾಲಯದಿಂದ ಮೇಲೆ, ಮೃಗಾಲಯದಿಂದ ಕೆಳಗೆ ಎಂಬ ಈ ಗಡಿಯನ್ನು ಹಾಕಿದವಳು ನನ್ನ ಅಕ್ಕನಲ್ಲ. ಅದು ನೂರು ವರ್ಷಗಳಿಗೂ ಹಿಂದಿನದೆಂಬುದು ಆ ದಿನ ಹೊಳೆಯ ಜೊತೆಯಲ್ಲಿ ನಡೆಯುತ್ತ ನಡೆಯುತ್ತ ನನಗೆ ತಿಳಿಯಿತು.

ನ್ಯೂಯಾರ್ಕ್ ನಗರಕ್ಕೆ ಐದು ಭಾಗಗಳು. ಅವುಗಳಲ್ಲಿ ದ್ವೀಪದ ಮೇಲಲ್ಲದೆ ಅಮೆರಿಕದ ಮುಖ್ಯ ಭೂಮಿಯ ಮೇಲಿರುವುದು ಬ್ರಾಂಕ್ಸ್ ಒಂದೇ. 1639ರಲ್ಲಿ ಡಚ್ಚರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ಯೋನಾಸ್ ಬ್ರಾಂಕ್ ಎಂಬಾತನ ಹೆಸರು ಮೊದಲು ಹೊಳೆಗೆ ಬಂದು, ಹೊಳೆಯಿಂದ ಊರಿಗೆ ಅಂಟಿಕೊಂಡಿತು. ಅದಕ್ಕೂ ಮೊದಲು ಇಲ್ಲಿದ್ದ ಮೂಲನಿವಾಸಿಗಳು ಹೊಳೆಯನ್ನು ಅಕ್ವೆಹಂಗ್ ಎನ್ನುತ್ತಿದ್ದರು. ಎತ್ತರವಾದ ದಡಗಳ ಹೊಳೆ ಎಂದು ಅದರ ಅರ್ಥವಂತೆ. ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಜಿಲ್ಲೆಯ ದಿಣ್ಣೆಗಳಲ್ಲಿ ಹುಟ್ಟಿ, ಸುಮಾರು 23 ಮೈಲಿ, ಎಂದರೆ 37 ಕಿಲೋಮೀಟರು ಹರಿದು, ಈಸ್ಟ್ ರಿವರ್ ಎಂಬ ಸಮುದ್ರದ ಕಾಲುವೆಗೆ ಸೇರುತ್ತದೆ. ಹಡ್ಸನ್ ನದಿಯ ಗಾಂಭೀರ್ಯ ಇದಕ್ಕಿಲ್ಲ. ಆದರೆ ಆ ದೊಡ್ಡ ನೀರುಗಳಲ್ಲೆಲ್ಲ ನಗರದ ಬಳಿ ಕಡಲಿನ ಉಪ್ಪು ಬೆರೆತಿರುತ್ತದೆ. ನ್ಯೂಯಾರ್ಕ್ ನಗರಕ್ಕೆ ಸಿಹಿನೀರಿನ ನದಿಯೆಂದು ಇರುವುದು ಇದೊಂದೇ. ಮಲೆನಾಡಿನವರು ನೋಡಿದರೆ ಹಳ್ಳ ಎಂದಾರು. ಬಯಲುಸೀಮೆಯವನಾದ ನನಗೆ ಹೊಳೆ ಎನ್ನುವುದಕ್ಕೆ ಏನೂ ಅಡ್ಡಿಯಾಗಲಿಲ್ಲ.

ನಾವು ಹೊಳೆಯನ್ನು ಮೊದಲು ಕಂಡುದು 1891ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನದಲ್ಲಿ. ಅಲ್ಲಿ 50 ಎಕರೆಯಷ್ಟು ಕಾಡನ್ನು ಕಡಿಯದೆ ಉಳಿಸಿಕೊಂಡಿದ್ದಾರೆ. ನ್ಯೂಯಾರ್ಕ್ ಊರಾಗುವ ಮೊದಲು ಆ ನೆಲವನ್ನೆಲ್ಲ ಮುಚ್ಚಿದ್ದ ಅರಣ್ಯದ ಉಳಿಕೆ ಅದು. ಓಕ್ ಮರಗಳ ನೆರಳಿನಲ್ಲಿ, ಬಂಡೆಗಳ ನಡುವಣ ಇಕ್ಕಟ್ಟಾದ ಕಮರಿಯಲ್ಲಿ ಹೊಳೆ ಸದ್ದುಮಾಡುತ್ತ ಇಳಿಯುತ್ತದೆ. ಒಂದು ತಿರುವಿನಲ್ಲಿ ಕಲ್ಲಿನಿಂದ ಕಟ್ಟಿದ ಹಳೆಯ ಕಟ್ಟಡವೊಂದು ನೀರಿಗೆ ಮುಖಮಾಡಿ ನಿಂತಿದೆ. ಅದೇನು ಚರ್ಚೇ ಎಂದು ಕೇಳಿದೆ. ಅಲ್ಲ, ನಶ್ಯದ ಗಿರಣಿ! 1840ರ ಸುಮಾರಿಗೆ ಲೊರಿಲಾರ್ಡ್ ಎಂಬ ಹೊಗೆಸೊಪ್ಪಿನ ವ್ಯಾಪಾರಿಗಳ ಮನೆತನ ಅದನ್ನು ಕಟ್ಟಿಸಿ, ಹೊಳೆಯ ನೀರಿನ ಬಲದಿಂದ ಚಕ್ರ ತಿರುಗಿಸಿ, ಹೊಗೆಸೊಪ್ಪನ್ನು ಅರೆಸುತ್ತಿದ್ದಿತು. ಬೆಳ್ಳಿಯ ಡಬ್ಬಿಯಿಂದ ಚಿಟಿಕೆ ನಶ್ಯ ತೆಗೆಯುತ್ತಿದ್ದ ನನ್ನ ತಾತನವರು ಇದನ್ನು ನೋಡಿದ್ದರೆ ಕೈಮುಗಿಯುತ್ತಿದ್ದರೋ ಏನೋ. ಈಗ ಅಲ್ಲಿ ಮದುವೆಯ ಔತಣಗಳು ನಡೆಯುತ್ತವೆ.

ಗಿರಣಿಗಳಷ್ಟೇ ಆಗಿದ್ದರೆ ಹೊಳೆ ತಾಳಿಕೊಳ್ಳುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಣಿವೆಯುದ್ದಕ್ಕೂ ರೈಲುದಾರಿ ಬಂದಿತು. ರೈಲಿನ ಬೆನ್ನಿಗೆ ಕಾರ್ಖಾನೆಗಳೂ ಊರುಗಳೂ ಬಂದುವು. ಎಲ್ಲರ ಕೊಳೆಗೂ ಹೊಳೆಯೊಂದೇ ದಾರಿಯಾಯಿತು. ಇತ್ತ ಕೆಳಗೆ ಕೊಳೆ ಬಂದು ಸೇರುತ್ತಿರುವಾಗ ಅತ್ತ ಮೇಲೆ ನೀರನ್ನು ಕಟ್ಟಿ ನಿಲ್ಲಿಸಿದರು. ನಗರದ ನಲ್ಲಿಗಳಿಗಾಗಿ 1885ರಲ್ಲಿ ಕೆನ್ಸಿಕೊ ಎಂಬಲ್ಲಿ ಒಂದು ಅಣೆಕಟ್ಟು ಎದ್ದಿತು. ಅದು ಸಾಲದೆ 1917ರ ಹೊತ್ತಿಗೆ ಅದಕ್ಕಿಂತ ಬಹು ದೊಡ್ಡದಾದ ಇನ್ನೊಂದನ್ನು ಕಟ್ಟಿ ಮುಗಿಸಿದರು. ತಲೆಯ ಕಡೆಯ ಶುದ್ಧ ನೀರು ಕೊಳಾಯಿಗೆ ಹೋಯಿತು. ಬಚ್ಚಲ ನೀರು ಹೊಳೆಗೆ ಬಂದಿತು. ಬೆಂಗಳೂರಿನಲ್ಲಿ ವೃಷಭಾವತಿಯ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡು ದಾಟಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಇಲ್ಲಿಂದ ಮುಂದೆ ಈ ಹೊಳೆಯ ಕಥೆಯಲ್ಲಿ ಎರಡು ಉದ್ಧಾರಗಳು ಬರುತ್ತವೆ. ಎರಡಕ್ಕೂ ಅಂತರ ಸುಮಾರು ಅರುವತ್ತೇಳು ವರ್ಷ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ ಯಾವುದೊಂದೂ ಅರ್ಥವಾಗುವುದಿಲ್ಲ.

ಮೊದಲನೆಯದು 1907ರಲ್ಲಿ ಪ್ರಾರಂಭವಾದುದು. 1899ರಲ್ಲಿ ತೆರೆದ ಬ್ರಾಂಕ್ಸ್ ಮೃಗಾಲಯದ ಮಧ್ಯದಲ್ಲಿಯೇ ಈ ಹೊಳೆ ಹರಿಯುತ್ತದೆ. ಮೇಲಿನಿಂದ ಬರುವ ಕೊಳೆಯಿಂದ ಮೃಗಾಲಯದ ನೀರುಹಕ್ಕಿಗಳು ಸಾಯತೊಡಗಿದುವೆಂದು ಹೇಳುತ್ತಾರೆ. ದೊಡ್ಡವರಿಗೆ ಸಿಟ್ಟುಬಂದಿತು. ರಾಜ್ಯದ ಶಾಸನಸಭೆ ಕಾನೂನು ಮಾಡಿ ಬ್ರಾಂಕ್ಸ್ ನದಿಯ ಪಾರ್ಕ್‌ವೇ ಆಯೋಗವನ್ನು ನೇಮಿಸಿತು. ಹೊಳೆಯ ಎರಡೂ ಕಡೆಯ ಜಮೀನನ್ನು ಕೊಂಡು, ಅಲ್ಲಿದ್ದ ಗುಡಿಸಲು, ಷೆಡ್ಡು, ಜಾಹೀರಾತಿನ ಹಲಗೆಗಳನ್ನೆಲ್ಲ ಕಿತ್ತು, ಕೊಳೆಯ ಬಾಯಿಗಳನ್ನು ಮುಚ್ಚಿ, ಮರ ನೆಟ್ಟು, ಕಲ್ಲಿನ ಕಮಾನು ಸೇತುವೆಗಳನ್ನು ಕಟ್ಟಿ, ಮಧ್ಯದಲ್ಲಿ ಮೋಟಾರುಗಳ ವಿಹಾರಕ್ಕೆ ಬಳುಕಿ ಬಳುಕಿ ಹೋಗುವ ರಸ್ತೆ ಮಾಡಿದರು. 1925ರಲ್ಲಿ ಅದು ಮುಗಿಯಿತು. ಆ ಬಗೆಯ ರಸ್ತೆಗಳಿಗೆಲ್ಲ ಮೇಲ್ಪಂಕ್ತಿಯೆಂದು ಅದು ಹೆಸರಾಯಿತು. ಕೆಲಸ ಸೊಗಸಾದುದು, ಸಂಶಯವಿಲ್ಲ. ಇಂದಿಗೂ ಆ ಮೇಲಿನ ಕಣಿವೆ ನೋಡಲು ಚೆನ್ನ.

ಆದರೆ ಆ ಆಯೋಗದ ಅಧ್ಯಕ್ಷ ಯಾರು? ಮ್ಯಾಡಿಸನ್ ಗ್ರ್ಯಾಂಟ್ ಎಂಬ ಶ್ರೀಮಂತ ವಕೀಲ. ಮೃಗಾಲಯವನ್ನು ಸ್ಥಾಪಿಸಿದವರಲ್ಲಿ ಪ್ರಮುಖ. ಅಳಿಯುತ್ತಿದ್ದ ಬೈಸನ್ ಎಂಬ ಕಾಡುದನಗಳ ಮೇಲೆ ಈ ಬಳಗಕ್ಕೆ ಅಪಾರ ಮಮತೆ. ಅದೇ 1907ರಲ್ಲಿ ಇಲ್ಲಿ ಸಾಕಿದ 15 ಬೈಸನ್‌ಗಳನ್ನು ರೈಲಿನಲ್ಲಿ ಓಕ್ಲಹೋಮಕ್ಕೆ ಕಳುಹಿಸಿ ಹುಲ್ಲುಗಾವಲಿಗೆ ಬಿಟ್ಟರು. ಅದಕ್ಕೆ ಒಂದೇ ವರ್ಷ ಮೊದಲು, 1906ರ ಸೆಪ್ಟೆಂಬರಿನಲ್ಲಿ, ಕಾಂಗೋ ದೇಶದ ಓಟ ಬೆಂಗ ಎಂಬ ತರುಣನನ್ನು ಇದೇ ಮೃಗಾಲಯದ ಕೋತಿಗಳ ಮನೆಯಲ್ಲಿ ಜನರ ಮುಂದೆ ಪ್ರದರ್ಶನಕ್ಕೆ ಇಟ್ಟಿದ್ದರು. ನಗರದ ನೀಗ್ರೋ ಪಾದ್ರಿಗಳು, ಆಗಿನ ಮಾತಿನಲ್ಲಿ ಅವರನ್ನು ಹಾಗೆ ಕರೆಯುತ್ತಿದ್ದರು, ಪ್ರತಿಭಟಿಸಿದ ಮೇಲೆ ಅವನನ್ನು ಬಿಟ್ಟರು. ಅವನಿಗೆ ತನ್ನ ನಾಡಿಗೆ ಮರಳುವ ಯೋಗ ಬರಲಿಲ್ಲ. 1916ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಅದೇ 1916ರಲ್ಲಿ ಗ್ರ್ಯಾಂಟ್ ಒಂದು ಗ್ರಂಥವನ್ನು ಪ್ರಕಟಿಸಿದನು. ಉತ್ತರ ಯೂರೋಪಿನ ಬಿಳಿಯರ ಕುಲವೊಂದೇ ಶ್ರೇಷ್ಠವಾದುದು, ಉಳಿದವರು ಬಂದು ಸೇರಿ ಅಮೆರಿಕವನ್ನು ಕೆಡಿಸುತ್ತಿದ್ದಾರೆ ಎಂಬುದು ಅದರ ಸಾರ. ಹೊರನಾಡುಗಳ ಜನಕ್ಕೆ ಬಾಗಿಲು ಮುಚ್ಚಿದ 1924ರ ವಲಸೆ ಶಾಸನಕ್ಕೆ ಈ ವಿಚಾರಗಳು ಬಲಕೊಟ್ಟುವು. ಮುಂದೆ ಜರ್ಮನಿಯ ನಾಜಿಗಳಿಗೂ ಆ ಪುಸ್ತಕ ಪ್ರಿಯವಾಯಿತು. ಮೃಗಾಲಯವನ್ನು ನಡೆಸುವ ಸಂಸ್ಥೆ ಇದಕ್ಕೆಲ್ಲ ಬಹಿರಂಗವಾಗಿ ಕ್ಷಮೆ ಕೇಳಿದುದು 2020ರಲ್ಲಿ.

ಹೊಳೆಯ ಮೇಲೆ ಪ್ರೀತಿ, ಮರದ ಮೇಲೆ ಪ್ರೀತಿ, ಬೈಸನ್ ಮೇಲೆ ಪ್ರೀತಿ. ಮನುಷ್ಯನ ಸರದಿ ಬಂದಾಗ ಮಾತ್ರ ಜಾತಿ, ಬಣ್ಣ. ಇಂತಹ ಪ್ರಕೃತಿಪ್ರೇಮ ನಮಗೆ ಅಪರಿಚಿತವೇನೂ ಅಲ್ಲ.

ಗ್ರ್ಯಾಂಟನ ಪಾರ್ಕ್‌ವೇ ಮೃಗಾಲಯವೂ ಸಸ್ಯೋದ್ಯಾನವೂ ಇರುವ ಬ್ರಾಂಕ್ಸ್ ಪಾರ್ಕಿನಿಂದ ಉತ್ತರಕ್ಕೆ ಹೋಯಿತು. ಎಂದರೆ ಅನುಕೂಲವಂತರು ಮನೆ ಕಟ್ಟಿಕೊಳ್ಳುತ್ತಿದ್ದ ಕಡೆಗೆ. ದಕ್ಷಿಣಕ್ಕೆ, ಸಮುದ್ರದ ಕಡೆಗೆ, ಕಾರ್ಮಿಕರ ಕೇರಿಗಳ ಪಕ್ಕದಲ್ಲಿ ಹರಿಯುವ ಕೊನೆಯ ಕೆಲವು ಮೈಲಿಗಳಿಗೆ ಅವನ ಆಯೋಗ ಕೈಹಾಕಲಿಲ್ಲ. ಅಕ್ಕ ಹೇಳಿದ "ಅದರಿಂದ ಕೆಳಕ್ಕೆ" ಎಂಬುದು ಅದೇ ಜಾಗ.

ಮೃಗಾಲಯದ ದಕ್ಷಿಣದ ಅಂಚಿನಲ್ಲಿ, 182ನೆಯ ಬೀದಿಯ ಬಳಿ, ಹಳೆಯ ಕಟ್ಟೆಯೊಂದರ ಮೇಲಿನಿಂದ ಹೊಳೆ ಬಿಳಿಯ ಪರದೆಯಂತೆ ಧುಮುಕುತ್ತದೆ. ಪಕ್ಕದ ಸಣ್ಣ ಪಾರ್ಕಿನಲ್ಲಿ ಆ ಶನಿವಾರ ಜಾತ್ರೆಯೇ ನೆರೆದಿದ್ದಿತು. ಇದ್ದಲ ಒಲೆಗಳ ಹೊಗೆ, ಸ್ಪ್ಯಾನಿಷ್ ಹಾಡು, ಮರಗಳಿಗೆ ಕಟ್ಟಿದ ಹುಟ್ಟುಹಬ್ಬದ ಬಣ್ಣದ ಕಾಗದ, ಮೊಣಕಾಲುದ್ದ ನೀರಿನಲ್ಲಿ ಕಿರಿಚಾಡುವ ಮಕ್ಕಳು. ಪ್ವೆರ್ಟೊ ರಿಕೊ, ಡೊಮಿನಿಕ, ಆಫ್ರಿಕದ ಮೂಲದವರು, ನಡುವೆ ಒಂದು ಬಂಗಾಳಿ ಸಂಸಾರ. ಅವರು ನಮ್ಮನ್ನು ನೋಡಿ, ಯಾವ ಊರು ಎಂದು ಕೇಳಿ, ಕಾಗದದ ತಟ್ಟೆಯಲ್ಲಿ ಕಲ್ಲಂಗಡಿ ಹಣ್ಣಿನ ಹೋಳುಗಳನ್ನು ಕೊಟ್ಟರು. ಗ್ರ್ಯಾಂಟನು ಬೇಡವೆಂದವರ ಮೊಮ್ಮಕ್ಕಳೆಲ್ಲ ಗ್ರ್ಯಾಂಟನ ಹೊಳೆಯಲ್ಲಿ ಕಾಲು ಬಿಟ್ಟುಕೊಂಡು ಕುಳಿತಿದ್ದರು.

ಈ ಕೆಳದಂಡೆ ಒಂದು ಕಾಲದಲ್ಲಿ ಹೇಗಿದ್ದಿತೆಂದು ಊಹಿಸುವುದೂ ಕಷ್ಟ. 1940ರ ದಶಕದ ಕೊನೆಯಿಂದ ಬ್ರಾಂಕ್ಸಿನ ನಡುವನ್ನು ಸೀಳಿಕೊಂಡು ಹೆದ್ದಾರಿಗಳು ಬಂದುವು. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಗೆರೆ ಎಳೆದಲ್ಲೆಲ್ಲ ಮನೆಗಳು ಬಿದ್ದುವು. ಶೆರಿಡನ್ ಎಂಬ ಒಂದು ಹೆದ್ದಾರಿಯನ್ನು ಹೊಳೆಯ ದಂಡೆಯ ಮೇಲೆಯೇ ಹಾಸಿದರು. ಅದು ಮುಂದೆ ಎಲ್ಲಿಗೂ ಸೇರದೆ ಅರ್ಧಕ್ಕೇ ನಿಂತಿತು. ಆದರೂ ಕೇರಿಗೂ ನೀರಿಗೂ ನಡುವೆ ಗೋಡೆಯಾಗಲು ಅಷ್ಟೇ ಸಾಕಾಯಿತು. 1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸಿನ ಬೀದಿ ಬೀದಿಗಳೇ ಉರಿದುಹೋದುವು. ಬಾಡಿಗೆ ಹುಟ್ಟದ ಕಟ್ಟಡಗಳಿಗೆ ವಿಮೆಯ ಹಣದ ಆಸೆಯಿಂದ ಒಡೆಯರೇ ಬೆಂಕಿಯಿಕ್ಕಿಸಿದ ಸಂದರ್ಭಗಳೂ ಉಂಟು. ಬೇಡವಾದುದೆಲ್ಲ ಹೊಳೆಗೆ: ಮೋಟಾರುಗಳು, ಟೈರುಗಳು, ತಣ್ಣಗಿನ ಪೆಟ್ಟಿಗೆಗಳು. ಕೆಲವು ಕಡೆ ನೀರೇ ಕಾಣುತ್ತಿರಲಿಲ್ಲವೆಂದು ನೋಡಿದವರು ಹೇಳುತ್ತಾರೆ.

ಎರಡನೆಯ ಉದ್ಧಾರ ಆ ಉರಿಯುವ ದಶಕದಲ್ಲಿಯೇ ಹುಟ್ಟಿದುದು ವಿಶೇಷ. ಫೋರ್ಡಮ್ ವಿಶ್ವವಿದ್ಯಾಲಯದ ಕಛೇರಿಯಲ್ಲಿ ಕೆಲಸಕ್ಕಿದ್ದ ರೂತ್ ಆಂಡರ್ಬರ್ಗ್ ಎಂಬಾಕೆ, ಸಸ್ಯೋದ್ಯಾನದಲ್ಲಿ ಅಷ್ಟು ಚೆಲುವಾಗಿ ಹರಿಯುವ ಹೊಳೆ ಕೆಳಗೆ ಏನಾಗಿದೆಯೆಂಬುದನ್ನು ಕಂಡು ಸುಮ್ಮನಿರಲಾರದೆ, 1974ರಲ್ಲಿ ಬ್ರಾಂಕ್ಸ್ ನದಿಯ ಪುನರುಜ್ಜೀವನದ ಸಂಘವೊಂದನ್ನು ಕಟ್ಟಿದರು. ಬ್ರಾಂಕ್ಸಿನ ಪೋಲೀಸು ಮುಖ್ಯಾಧಿಕಾರಿಯಾಗಿದ್ದ ಆಂಟನಿ ಬೌಜ ಅವರ ಬೆಂಬಲ ಈಕೆಗೆ ದೊರೆಯಿತು. ಇದ್ದ ಬಂಡವಾಳ ಹಗ್ಗ, ಕೊಕ್ಕೆ ಮತ್ತು ಬೇಡಿ ತಂದ ಯಂತ್ರಗಳು. ಒಂದೊಂದಾಗಿ ಮೋಟಾರು, ಒಂದೊಂದಾಗಿ ಟೈರು ಮೇಲೆ ಬಂದುವು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ತಂದು ಹಾಕುವವರಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಹೊಳೆಯ ಇಕ್ಕೆಲಗಳ ಕೇರಿಗಳಲ್ಲಿ ಹತ್ತಾರು ಸಂಘಗಳು ಹುಟ್ಟಿಕೊಂಡಿದ್ದುವು. ಆಗ ಅವರು ಒಂದು ಉತ್ಸವವನ್ನೂ ಮಾಡಿದರು. ಬಂಗಾರದ ಬಣ್ಣದ ದೊಡ್ಡ ಚೆಂಡೊಂದನ್ನು ಹೊಳೆಯಲ್ಲಿ ತೇಲಿಬಿಟ್ಟು, ಅದು ಹೋದಲ್ಲೆಲ್ಲ ದಂಡೆಯ ಮೇಲೆ ವಾದ್ಯ ಬಾರಿಸುತ್ತ ಜೊತೆಯಲ್ಲಿ ನಡೆದರು. ಅದೊಂದು ಬಗೆಯ ತೆಪ್ಪೋತ್ಸವವೇ ಸರಿ. ನಮ್ಮ ಕೇರಿಯ ಹಿಂದೆ ಹೊಳೆಯೊಂದು ಇದೆಯೆಂದು ಎಷ್ಟೋ ಮಂದಿಗೆ ಗೊತ್ತಾದುದೇ ಆಗಂತೆ. 2001ರಲ್ಲಿ ಈ ಸಂಘಗಳೆಲ್ಲ ಕೂಡಿ ಬ್ರಾಂಕ್ಸ್ ರಿವರ್ ಅಲೈಯನ್ಸ್ ಎಂಬ ಒಕ್ಕೂಟವಾದುವು. ಸುಮಾರು 13 ಕಿಲೋಮೀಟರು ಉದ್ದಕ್ಕೆ, ಬ್ರಾಂಕ್ಸಿನ ಮೇಲಿನ ಎಲ್ಲೆಯಿಂದ ಕಡಲಿನವರೆಗೆ, ಪಾರ್ಕಿನಿಂದ ಪಾರ್ಕಿಗೆ ನಡೆದು ಹೋಗಲೂ ಸೈಕಲ್ ತುಳಿಯಲೂ ಆಗುವ ಹಸುರುದಾರಿಯೊಂದನ್ನು ಪೋಣಿಸುವುದು ಅವರ ಸಂಕಲ್ಪ.

ಕೆಳಕ್ಕೆ ಇಳಿದಂತೆ ಸ್ಟಾರ್‌ಲೈಟ್ ಪಾರ್ಕು ಸಿಗುತ್ತದೆ. 1918ರಲ್ಲಿ ಇಲ್ಲಿ ಒಂದು ವಸ್ತುಪ್ರದರ್ಶನ ನಡೆದು, ಅದು ಉಯ್ಯಾಲೆ, ಈಜುಕೊಳಗಳ ವಿನೋದ ಮೈದಾನವಾಗಿ ಕೆಲವು ವರ್ಷ ಮೆರೆಯಿತು. ಅಮೆರಿಕದ ನೌಕಾಪಡೆಯ ಮೊಟ್ಟಮೊದಲ ಜಲಾಂತರ್ಗಾಮಿ ಹಾಲಂಡ್ ಎಂಬುದನ್ನು ತಂದು ಇಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರಂತೆ. ಈಗಿನ ಪಾರ್ಕನ್ನು ಮಾಡಲು ನೆಲ ಅಗೆದಾಗ ಹಳೆಯ ಅನಿಲ ಕಾರ್ಖಾನೆಯೊಂದು ಬಿಟ್ಟುಹೋಗಿದ್ದ ವಿಷದ ಡಾಂಬರು ಹೊರಬಿದ್ದಿತು. ಅದನ್ನು ತೆಗೆಯುವುದರಲ್ಲಿ ವರ್ಷಗಳು ಕಳೆದು, ಪಾರ್ಕು ತೆರೆದುದು 2013ರಲ್ಲಿ. ಅಲ್ಲಿಂದ ಕೆಳಗಿನ ಪಾರ್ಕಿಗೆ ರೈಲುಹಳಿ ದಾಟಿಸುವ ಸೇತುವೆಗಾಗಿ ಮತ್ತೆ ಹತ್ತು ವರ್ಷ ಕಾಯಬೇಕಾಯಿತು. ಪಕ್ಕದ ಶೆರಿಡನ್ ಹೆದ್ದಾರಿಯನ್ನು ತೆಗೆದುಹಾಕಬೇಕೆಂದು ಇಲ್ಲಿಯವರು ಇಪ್ಪತ್ತು ವರ್ಷ ಹಟ ಹಿಡಿದರು. 2019ರಲ್ಲಿ ಅದು ಹೆದ್ದಾರಿಯೆಂಬ ಪದವಿಯನ್ನು ಕಳೆದುಕೊಂಡು, ದೀಪದ ಕಂಬವೂ ಪಾದಚಾರಿಗಳು ದಾಟುವ ಪಟ್ಟೆಯೂ ಇರುವ ಸಾಧಾರಣ ಬೀದಿಯಾಯಿತು. ಅವರು ಕೇಳಿದಷ್ಟು ಸಿಗಲಿಲ್ಲ. ಆದರೂ ಅಮೆರಿಕದಲ್ಲಿ ಮೋಟಾರಿನಿಂದ ಒಂದಂಗುಲ ಹಿಂದಕ್ಕೆ ಪಡೆಯುವುದು ಸಾಮಾನ್ಯದ ಮಾತಲ್ಲ.

ಇಡೀ ದಾರಿಯಲ್ಲಿ ನನ್ನ ಮನಸ್ಸಿಗೆ ಹತ್ತಿದುದು ಮಾತ್ರ ಮುಂದಿನ ಕಾಂಕ್ರೀಟ್ ಪ್ಲಾಂಟ್ ಪಾರ್ಕು. ಹೆಸರು ಕೇಳಿ ಮೂಗು ಮುರಿದಿದ್ದೆ. ಅದು ನಿಜವಾಗಿಯೂ ಕಾಂಕ್ರೀಟಿನ ಕಾರ್ಖಾನೆಯೇ. 1987ರಲ್ಲಿ ಮುಚ್ಚಿತು. ಸಿಮೆಂಟು ತುಂಬುವ ಕಬ್ಬಿಣದ ಕಣಜಗಳು, ಇಳಿಜಾರು ಕೊಳವೆಗಳು, ಎತ್ತುವ ಯಂತ್ರದ ಅಸ್ಥಿಪಂಜರ, ಎಲ್ಲವೂ ತುಕ್ಕು ಹಿಡಿದು, ಸುತ್ತ ಟೈರಿನ ರಾಶಿ ಬೆಳೆದು ಬಿದ್ದಿದ್ದಿತು. 1990ರ ದಶಕದ ಕೊನೆಯಲ್ಲಿ ನಗರಾಡಳಿತ ಅದನ್ನು ಹರಾಜು ಹಾಕಲು ಹೊರಟಾಗ ಪಕ್ಕದ ಕೇರಿಯ ಯುವಕ ಯುವತಿಯರು ಎದ್ದು ನಿಂತರು. ಈ ಜಾಗ ನಮಗೆ ಬೇಕು ಎಂದರು. ಹಟ ಗೆದ್ದಿತು, ಜಾಗ ಉದ್ಯಾನ ಇಲಾಖೆಗೆ ಬಂದಿತು, 2009ರಲ್ಲಿ 7 ಎಕರೆಯ ಪಾರ್ಕಾಯಿತು. ಹಳೆಯ ಕಣಜಗಳನ್ನು ಅವರು ಕೆಡವಲಿಲ್ಲ. ಕೆಂಪು ನಸುಗೆಂಪು ಬಣ್ಣ ಬಳಿದು ಹಾಗೆಯೇ ನಿಲ್ಲಿಸಿದ್ದಾರೆ. ದೂರದಿಂದ ನೋಡಿದರೆ ಯಾವುದೋ ಕಾಣದ ಮತದ ಗುಡಿಗೋಪುರಗಳಂತೆ ಕಾಣುತ್ತವೆ. ಎದುರು ರೈಲುಹಳಿಯ ಮೇಲೆ ಕ್ಯಾಸ್ ಗಿಲ್ಬರ್ಟ್ ಎಂಬ ಪ್ರಸಿದ್ಧ ಶಿಲ್ಪಿ 1908ರ ಸುಮಾರಿಗೆ ರಚಿಸಿದ ರೈಲುನಿಲ್ದಾಣ ಪಾಳುಬಿದ್ದಿದೆ. ಅದರ ಸುಟ್ಟ ಮಣ್ಣಿನ ಹೂಬಳ್ಳಿಗಳ ಅಲಂಕಾರ ಅಲ್ಲಲ್ಲಿ ಇನ್ನೂ ಉಳಿದಿದೆ. ಗ್ರ್ಯಾಂಟನ ಕಾಲದವರಾಗಿದ್ದರೆ ಇವನ್ನೆಲ್ಲ ಅಳಿಸಿ, ಇಲ್ಲಿ ಯಾರೂ ದುಡಿದೇ ಇಲ್ಲವೆಂಬಂತೆ ಹುಲ್ಲು ಹಾಸಿಬಿಡುತ್ತಿದ್ದರು.

ಆ ಕಣಜಗಳ ಬುಡದಲ್ಲಿ ಒಂದು ತೋಟವಿದೆ. ನ್ಯೂಯಾರ್ಕಿನ ಪಾರ್ಕುಗಳಲ್ಲಿ ಎಲೆ, ಹಣ್ಣು ಕೀಳುವುದು ನಿಷಿದ್ಧ. 2017ರಿಂದ ಇಲ್ಲಿ ಮಾತ್ರ, ಯಾರು ಬೇಕಾದರೂ ಬಂದು ಕಿತ್ತುಕೊಂಡು ಹೋಗಲೆಂದೇ ಹಣ್ಣಿನ ಗಿಡ, ಅಡಿಗೆಯ ಸೊಪ್ಪು, ಮದ್ದಿನ ಗಿಡಗಳನ್ನು ಬೆಳೆಯುತ್ತಾರೆ. ಈ ಕೇರಿಯ ಮಗ್ಗುಲಲ್ಲಿಯೇ ಹಂಟ್ಸ್ ಪಾಯಿಂಟಿನ ಸಗಟು ಮಂಡಿಯಿದೆ. ನಗರದ ತರಕಾರಿ, ಮಾಂಸ, ಮೀನು ಅಲ್ಲಿಂದಲೇ ಹಂಚಿಹೋಗುವುದು. ದಿನಕ್ಕೆ ಸಾವಿರಗಟ್ಟಲೆ ಲಾರಿಗಳ ಹೊಗೆ ಈ ಕೇರಿಗೆ, ತಾಜಾ ಸೊಪ್ಪು ಮಾತ್ರ ಬೇರೆಯವರಿಗೆ. ಇಲ್ಲಿಯ ಮಕ್ಕಳಲ್ಲಿ ಉಬ್ಬಸದ ಕಾಯಿಲೆ ಹೆಚ್ಚು. ಪುದೀನದ ಜಾತಿಯ ಸೊಪ್ಪನ್ನು ಚೀಲಕ್ಕೆ ಬಿಡಿಸಿಕೊಳ್ಳುತ್ತಿದ್ದ ಅರವತ್ತರ ವಯಸ್ಸಿನ ಹೆಂಗಸೊಬ್ಬರನ್ನು ಅಕ್ಕನ ಮಗಳು ಪರಿಚಯ ಮಾಡಿಸಿದಳು. ಪ್ವೆರ್ಟೊ ರಿಕೊದಿಂದ ಹುಡುಗಿಯಾಗಿದ್ದಾಗ ಬಂದವರು. ಹರಾಜಿನ ವಿರುದ್ಧ ನಡೆದ ಮೆರವಣಿಗೆಯಲ್ಲಿ ಮಗನೊಡನೆ ತಾವೂ ಇದ್ದುದಾಗಿ ಹೇಳಿದರು. ಪಾರ್ಕಾಗಿ ನಿಮಗೆ ಸಂತೋಷವೇ ಎಂದು ಕೇಳಿದೆ. ಅವರು ಎದುರು ದಂಡೆಯ ಕಡೆ ಗದ್ದವೆತ್ತಿ ತೋರಿಸಿದರು. ಹೊಸದಾಗಿ ಏಳುತ್ತಿದ್ದ ಎತ್ತರದ ಮನೆಗಳು. "ಹೊಳೆ ಕೊಳಕಾಗಿದ್ದಾಗ ಈ ಕಡೆಗೆ ಯಾರೂ ತಲೆಹಾಕುತ್ತಿರಲಿಲ್ಲ. ಈಗ ಬರುತ್ತಿದ್ದಾರೆ. ನನ್ನ ಬಾಡಿಗೆ ಎಷ್ಟಾಗಿದೆ ಗೊತ್ತೇ? ಟೈರು ಎತ್ತಿದವರು ನಾವು. ಮರದ ನೆರಳು ಬರುವ ಹೊತ್ತಿಗೆ ನಾವು ಇಲ್ಲಿ ಇರುತ್ತೇವೋ ಇಲ್ಲವೋ." ಮಾತನಾಡುತ್ತಲೇ ಒಂದು ಹಿಡಿ ಸೊಪ್ಪನ್ನು ನನ್ನ ಕೈಗೂ ಹಾಕಿದರು. ಅದರ ವಾಸನೆ ಸಂಜೆಯವರೆಗೂ ಬೆರಳಿನಲ್ಲಿದ್ದಿತು.

ಮೊದಲನೆಯ ಉದ್ಧಾರದಲ್ಲಿ ಬಡವರನ್ನು ಎಬ್ಬಿಸಿದ ಮೇಲೆ ಹಸುರು ಬಂದಿತು. ಎರಡನೆಯದರಲ್ಲಿ ಬಡವರೇ ಹಸುರನ್ನು ತಂದರು. ಈಗ ಅದೇ ಅವರನ್ನು ಎಬ್ಬಿಸುತ್ತದೆಯೇ ಎಂಬ ಭಯ ಅವರದು. ಬಾಡಿಗೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಮರಕ್ಕಿಲ್ಲ, ಸರಕಾರಕ್ಕಿದೆ. ಅಲ್ಲಿಯ ಸರಕಾರ ಆ ಕೆಲಸವನ್ನು ಮಾಡಿದರೆ ಮಾತ್ರ ಈ ಕಥೆ ಮೊದಲನೆಯದಕ್ಕಿಂತ ಬೇರೆಯಾದೀತು.

ಹೊಳೆಗೆ ಮರಳಿ ಬಂದವರಲ್ಲಿ ಮನುಷ್ಯರಲ್ಲದವರೂ ಇದ್ದಾರೆ. ಬೀವರ್ ಎಂಬ, ಹಲ್ಲಿನಿಂದ ಮರ ಕೊರೆದು ಕಟ್ಟೆ ಕಟ್ಟುವ ಪ್ರಾಣಿಯ ತುಪ್ಪಳಿನ ವ್ಯಾಪಾರದಿಂದಲೇ ನ್ಯೂಯಾರ್ಕ್ ಊರು ಹುಟ್ಟಿತು. ನಗರದ ಮುದ್ರೆಯಲ್ಲಿ ಇಂದಿಗೂ ಅದರ ಚಿತ್ರವಿದೆ. ಪ್ರಾಣಿ ಮಾತ್ರ ಇನ್ನೂರು ವರ್ಷ ಆ ನಗರದಲ್ಲಿ ಕಂಡಿರಲಿಲ್ಲ. 2007ರಲ್ಲಿ ಈ ಹೊಳೆಯಲ್ಲಿ ಒಂದು ಬೀವರ್ ಕಾಣಿಸಿಕೊಂಡಿತು. ಹೊಳೆಗಾಗಿ ಕೇಂದ್ರ ಸರಕಾರದಿಂದ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ತಂದ ಪ್ರತಿನಿಧಿ ಹೋಸೆ ಸೆರಾನೊ ಅವರ ಗೌರವಾರ್ಥ ಅದಕ್ಕೆ ಹೋಸೆ ಎಂದೇ ನಾಮಕರಣವಾಯಿತು. ನಮ್ಮ ಶಾಸಕರಿಗೆ ಇಂಥ ಗೌರವ ಸಂದರೆ ಮಾನನಷ್ಟದ ಮೊಕದ್ದಮೆ ಹೂಡುತ್ತಾರೆ! 2010ರಲ್ಲಿ ಎರಡನೆಯ ಬೀವರ್ ಬಂದಾಗ ಹೆಸರನ್ನು ಜನರ ಮತಕ್ಕೆ ಬಿಟ್ಟರು. ಹಾಡುಗಾರ ಹುಡುಗನ ಹೆಸರನ್ನು ತಿರುಚಿ ಜಸ್ಟಿನ್ ಬೀವರ್ ಎಂದಾಯಿತು. ಕಡಲಿನಿಂದ ಹೊಳೆಗೆ ಏರಿ ಮೊಟ್ಟೆಯಿಡುವ ಏಲ್‌ವೈಫ್ ಮೀನುಗಳನ್ನು 2006ರಲ್ಲಿ ತಂದುಬಿಟ್ಟರು. 182ನೆಯ ಬೀದಿಯ ಕಟ್ಟೆಯನ್ನು ಅವು ಹತ್ತುವುದಕ್ಕೆ ಅನಂತರ ಮೆಟ್ಟಿಲುದಾರಿಯನ್ನೂ ಮಾಡಿಕೊಟ್ಟಿದ್ದಾರೆ. 2023ರ ಜನವರಿಯಲ್ಲಿ ಸ್ಟಾರ್‌ಲೈಟ್ ಪಾರ್ಕಿನ ಬಳಿ ಡಾಲ್ಫಿನ್‌ಗಳು ಈಜಿದುವು. ಹಂದಿಮೀನು ಎಂದು ನಮ್ಮ ಕರಾವಳಿಯವರು ಕರೆಯುವ ಆ ಪ್ರಾಣಿ ಬ್ರಾಂಕ್ಸಿನ ನಡುಬೀದಿಯ ಹಿಂದೆ!

ಹೀಗೆಂದು ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ದಂಡೆಯ ಮೇಲೆ ಅಲ್ಲಲ್ಲಿ ಎಚ್ಚರಿಕೆಯ ಫಲಕಗಳಿವೆ: ಮಳೆ ಬಂದಾಗ ಇಲ್ಲಿ ಕೊಳೆನೀರು ಹೊರಬೀಳುತ್ತದೆ. ನಗರದ ಹಳೆಯ ಒಳಚರಂಡಿಗಳಲ್ಲಿ ಮನೆಯ ಕೊಳೆಗೂ ಬೀದಿಯ ಮಳೆನೀರಿಗೂ ಕೊಳವೆ ಒಂದೇ. ಬಿಸಿಲಿನ ದಿನ ಎಲ್ಲವೂ ಶುದ್ಧೀಕರಣದ ಸ್ಥಾವರಕ್ಕೆ ಹೋಗುತ್ತದೆ. ಜೋರು ಮಳೆಯಾದರೆ ಕೊಳವೆ ತಾಳಲಾರದೆ ಹೊಳೆಗೆ ಉಕ್ಕುತ್ತದೆ. ಮೇಲಿನ ಅನುಕೂಲವಂತರ ಊರುಗಳೂ ಹೊಳೆಗೆ ಕೊಳೆ ಬಿಡುತ್ತಿದ್ದುದು 2000ದ ದಶಕದಲ್ಲಿ ಬಯಲಾಗಿ, ರಾಜ್ಯದ ಅಟಾರ್ನಿ ಜನರಲ್ ಮಧ್ಯೆ ಬಂದು ಅವರಿಂದ ಒಪ್ಪಂದಗಳನ್ನು ಬರೆಯಿಸಿಕೊಳ್ಳಬೇಕಾಯಿತು. ಆದುದರಿಂದ ಮಳೆಯ ಮರುದಿನ ನೀರಿಗೆ ಇಳಿಯಬೇಡಿರೆಂದು ಸಂಘದವರೇ ಮಕ್ಕಳಿಗೆ ಹೇಳಿಕೊಡುತ್ತಾರೆ. ನೆಲದ ಮೇಲೆ ಪಾರ್ಕು ಮಾಡುವುದಕ್ಕಿಂತ ನೆಲದ ಕೆಳಗಿನ ಕೊಳವೆಯನ್ನು ಬದಲಾಯಿಸುವುದು ಹತ್ತರಷ್ಟು ಖರ್ಚಿನ ಕೆಲಸ. ಅದಕ್ಕೆ ಉದ್ಘಾಟನೆಯ ರಿಬ್ಬನ್ನೂ ಇಲ್ಲ, ಭಾವಚಿತ್ರವೂ ಇಲ್ಲ.

ಸಂಜೆಗೆ ಹಂಟ್ಸ್ ಪಾಯಿಂಟಿನ ದಂಡೆಯ ಪಾರ್ಕಿಗೆ ಬಂದೆವು. ಬೀದಿಯೊಂದರ ಕುರುಡು ಕೊನೆಯಲ್ಲಿದ್ದ ಕಸದ ತಿಪ್ಪೆ ಇದು. ಮಜೋರ ಕಾರ್ಟರ್ ಎಂಬ ಇದೇ ಕೇರಿಯ ಮಹಿಳೆ ಬೆಳಗ್ಗೆ ತಮ್ಮ ನಾಯಿಯೊಡನೆ ಓಡುತ್ತಿದ್ದಾಗ, ನಾಯಿ ಅವರನ್ನು ಕಸದ ನಡುವೆ ಎಳೆದುಕೊಂಡು ಹೋಗಿ ಹೊಳೆಯ ಮುಂದೆ ನಿಲ್ಲಿಸಿತಂತೆ. 2006ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಬೀಜಧನವಾಗಿ ಸಿಕ್ಕಿದ 10,000 ಡಾಲರು ಬೆಳೆದು 30 ಲಕ್ಷ ಡಾಲರಿನ ಪಾರ್ಕಾಯಿತು. ಪಕ್ಕದಲ್ಲಿ ರಾಕಿಂಗ್ ದಿ ಬೋಟ್ ಎಂಬ ಸಂಸ್ಥೆಯ ಕಾರ್ಯಾಗಾರವಿದೆ. ಹೈಸ್ಕೂಲಿನ ಹುಡುಗ ಹುಡುಗಿಯರು ಅಲ್ಲಿ ಮರದ ದೋಣಿಗಳನ್ನು ತಾವೇ ಕಟ್ಟುತ್ತಾರೆ; ಬೇಸಗೆಯ ಶನಿವಾರಗಳಲ್ಲಿ ಬಂದವರನ್ನೆಲ್ಲ ಬಿಟ್ಟಿಯಾಗಿ ಕೂರಿಸಿಕೊಂಡು ಹುಟ್ಟುಹಾಕುತ್ತಾರೆ. ನಮ್ಮ ದೋಣಿಯ ನಾಯಕಿಗೆ ಹದಿನಾರು ವರ್ಷವಿದ್ದೀತು. ನನಗೂ ಒಂದು ಹುಟ್ಟನ್ನು ಕೊಟ್ಟು, ಬೆನ್ನು ನೇರ ಮಾಡಿರೆಂದು ಎರಡು ಸಲ ಗದರಿದಳು. ಎರಡೂ ಕಡೆ ಹಳೆಯ ಕಬ್ಬಿಣದ ರಾಶಿ, ಮಂಡಿಯ ಬೆನ್ನು, ಅದರ ಮೇಲೆ ನಿಶ್ಚಲವಾಗಿ ನಿಂತ ಬಿಳಿಯ ಕೊಕ್ಕರೆ.

ಎದುರು ದಂಡೆಯಲ್ಲಿ ಸೌಂಡ್‌ವ್ಯೂ ಪಾರ್ಕಿನ ಹುಲ್ಲು ಕಾಣುತ್ತಿದ್ದಿತು. ಹಸುರುದಾರಿ ಕೊನೆಗೊಳ್ಳಬೇಕಾದುದು ಅಲ್ಲಿ. ನಡೆದು ಹೋಗೋಣವೇ ಎಂದು ಅಕ್ಕನ ಮಗಳನ್ನು ಕೇಳಿದೆ. "ಈ ಕೊನೆಯಲ್ಲಿ ದಾರಿ ಇನ್ನೂ ಪೂರ್ತಿ ಕೂಡಿಲ್ಲ ಮಾವ. ಲಾರಿಗಳ ರಸ್ತೆಯಲ್ಲಿ ಸುತ್ತಿಕೊಂಡು ಸೇತುವೆ ದಾಟಿ ಹೋಗಬೇಕು" ಎಂದಳು. ಅಷ್ಟರಲ್ಲಿ ನಾಯಕಿ ಗಡಿಯಾರ ನೋಡಿ ದೋಣಿಯನ್ನು ಹಿಂದಿರುಗಿಸಿದಳು. ಕಟ್ಟೆಯ ಮೇಲೆ ಮುಂದಿನ ಸರದಿಯವರು, ಅಜ್ಜಿ, ತಾಯಿ, ಮೂರು ಮಕ್ಕಳು, ಕಿತ್ತಳೆ ಬಣ್ಣದ ತೇಲುಅಂಗಿ ತೊಟ್ಟು ಆಗಲೇ ಸಾಲಾಗಿ ನಿಂತಿದ್ದರು.